ಬೆಳಕಿಗೆ ಕಟ್ಟಿದ ಬುತ್ತಿ

ಕತೆ ಹೇಳುವವರಿಗೂ ಕೇಳುವವರಿಗೂ ಪುರುಸೊತ್ತು ಇದ್ದ ಕಾಲದಲ್ಲಿ ಹಗಲಗಿರಿ ಎಂಬ ಒಂದು ರಾಜ್ಯವಿತ್ತು. ರಾಜ್ಯದ ಸುತ್ತ ಬೆಟ್ಟ, ಬೆಟ್ಟದ ನಡುವೆ ಜೋಳದ ಹೊಲ, ಹೊಲದ ನಡುವೆ ಮಣ್ಣಿನ ಮಾಳಿಗೆಯ ಮನೆಗಳು. ಪ್ರತಿ ಮನೆಯ ಮುಂದೆಯೂ ಮೂಡಣಕ್ಕೆ ಮುಖ ಮಾಡಿದ ಒಂದು ಪುಟ್ಟ ಕಟ್ಟೆ ಇರುತ್ತಿತ್ತು. ಅದರ ಮೇಲೆ ಮನುಷ್ಯರು ಯಾರೂ ಕೂರುತ್ತಿರಲಿಲ್ಲ. ಅದು ಬೆಳಕು ಬಂದು ಕೂರಲೆಂದು ಕಟ್ಟಿದ ಕಟ್ಟೆ.

ಆ ಊರಿನ ಹೆಂಗಸರಿಗೆ ಬೆಳಕಿನ ಮೇಲೆ ಬಹಳ ಮರುಕ. ಪಾಪ, ಸೂರ್ಯನ ಮನೆ ಎಲ್ಲಿ, ನಮ್ಮ ಬಾಗಿಲು ಎಲ್ಲಿ. ಅಷ್ಟು ದೂರದಿಂದ ಒಂದೇ ಓಟಕ್ಕೆ ಬರುತ್ತದೆ, ದಾರಿಯಲ್ಲಿ ಛತ್ರವಿಲ್ಲ, ಬಾವಿಯಿಲ್ಲ, ಊಟವಾಯಿತೇ ಎಂದು ಕೇಳುವವರಿಲ್ಲ ಎಂದು ಮಾತಾಡಿಕೊಳ್ಳುತ್ತಿದ್ದರು. ಅದಕ್ಕೇ ನಸುಕಿನಲ್ಲೇ ಎದ್ದು ಅಂಗೈ ಅಗಲದ ಒಂದು ರೊಟ್ಟಿ ಬಡಿದು, ಅದರ ಮೇಲೆ ಶೇಂಗಾ ಚಟ್ನಿ ಉದುರಿಸಿ, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ಕಟ್ಟೆಯ ಮೇಲೆ ಇಡುತ್ತಿದ್ದರು. ಬೆಳಕಿನ ಬುತ್ತಿ ಎಂದು ಅದಕ್ಕೆ ಹೆಸರು. ಬೆಳಕು ಬರುತ್ತಿತ್ತು, ಗಂಟನ್ನು ಮುಟ್ಟುತ್ತಿತ್ತು, ಅಷ್ಟೇ. ತಿನ್ನುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಾಗೆ ಬಂದು ತಿಂದುಹೋಗುತ್ತಿತ್ತು. ಆದರೂ ಮರುದಿನ ಮತ್ತೆ ಬುತ್ತಿ. ದೂರದಿಂದ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಹಟ. ಆಗಿನ ಹೆಂಗಸರೇ ಹಾಗೆ. ಈಗ ಯಾರು ಯಾರಿಗೆ ಬುತ್ತಿ ಕಟ್ಟುತ್ತಾರೆ? ಹಸಿದ ಮಧ್ಯಾಹ್ನ ಬುತ್ತಿಯ ಅರಿವೆ ಬಿಚ್ಚಿದಾಗ ಬರುತ್ತಿದ್ದ ಆ ವಾಸನೆ ನನಗೆ ಈಗಲೂ ನೆನಪಿದೆ.

ಬೆಳಕು ಯಾಕೆ ತಿನ್ನುತ್ತಿರಲಿಲ್ಲ? ಹಸಿವಾಗುತ್ತಿರಲಿಲ್ಲ, ಅದಕ್ಕೆ. ಹಸಿವಾಗಬೇಕಾದರೆ ಹೊತ್ತು ಕಳೆಯಬೇಕು. ಬೆಳಕಿಗೆ ಹೊತ್ತೇ ಕಳೆಯುತ್ತಿರಲಿಲ್ಲ. ಅದು ಹೇಗೆ ಎಂದು ಈಗಲೇ ನನ್ನನ್ನು ಪೀಡಿಸಬೇಡಿ. ಮುಂದೆ ಬೆಳಕೇ ಬಂದು ಹೇಳುತ್ತದೆ.

ಆ ಊರಿನ ಛತ್ರದಲ್ಲಿ ದಾರಿಹೋಕರಿಗೆ ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಡುತ್ತಿದ್ದವಳು ಮಾಳವ್ವ. ಆಗಷ್ಟೇ ಮದುವೆಯ ವಯಸ್ಸಿಗೆ ಬಂದ ಹುಡುಗಿ. ಅಪ್ಪ ಅವ್ವ ಇರಲಿಲ್ಲ. ಇದ್ದವಳು ಒಬ್ಬಳೇ ತಂಗಿ, ಚೆನ್ನಿ, ಇನ್ನೂ ಹಾಲುಹಲ್ಲು ಬೀಳದ ಮಗು. ಮಾಳವ್ವನೇ ಅವಳಿಗೆ ಅಕ್ಕ, ಮಾಳವ್ವನೇ ಅವ್ವ. ಮಾಳವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರೆ ಚೆನ್ನಿ ಅವಳ ಬೆನ್ನಿಗೆ ಒರಗಿ ಕೂತು, ಬಡಿಯುವ ಸದ್ದಿಗೆ ಸರಿಯಾಗಿ ತಲೆಯಾಡಿಸುತ್ತಿದ್ದಳು. ಆ ಎರಡು ಜೀವಕ್ಕೆ ಅಷ್ಟೇ ಸಾಕಾಗಿತ್ತು.

ಪಡುವಣ ಬೆಟ್ಟದ ಗವಿಯಲ್ಲಿ ಭಾರಮಲ್ಲ ಎಂಬ ಮಾಂತ್ರಿಕನಿದ್ದ. ಅವನ ಮಾಯೆಯೆಲ್ಲ ತೂಕದ ಮಾಯೆ. ಹತ್ತಿಯನ್ನು ಗುಂಡುಕಲ್ಲಿನಷ್ಟು ಭಾರ ಮಾಡಬಲ್ಲ. ಹಾರುವ ಹಕ್ಕಿಯನ್ನು ನೋಡಿ ಕಣ್ಣು ಮಿಟುಕಿಸಿದರೆ ಅದು ದೊಪ್ಪನೆ ಬೀಳಬೇಕು. ಇಷ್ಟು ಬಲವಿದ್ದವನಿಗೆ ಮುಪ್ಪಿನ ಭಯ. ಬೆಳಗಾದರೆ ಗಡ್ಡದಲ್ಲಿ ಒಂದು ಹೊಸ ಬಿಳಿಗೂದಲು. ಬೆಳಕು ಮಾತ್ರ ಅವನ ತಾತನ ಕಾಲದಲ್ಲಿ ಹೇಗಿತ್ತೋ ಹಾಗೇ ಇತ್ತು. ಅದಕ್ಕೆ ವಯಸ್ಸಾಗುವುದಿಲ್ಲ ಎಂದು ಅವನು ಕಂಡುಕೊಂಡ. ಬೆಳಕನ್ನು ಹಿಡಿದು, ನೂಲು ತೆಗೆದು, ಕಂಬಳಿ ನೇಯ್ದು ಹೊದ್ದರೆ ತನ್ನ ಹತ್ತಿರವೂ ಮುಪ್ಪು ಸುಳಿಯುವುದಿಲ್ಲ ಎಂದು ಲೆಕ್ಕ ಹಾಕಿದ. ಆದರೆ ಹಿಡಿಯುವುದು ಹೇಗೆ? ಕೈ ಚಾಚುವುದರೊಳಗೆ ಅದು ಬಂದು ಮುಟ್ಟಿ ಮುಗಿದಿರುತ್ತಿತ್ತು.

ಆಗ ಅವನ ಕಣ್ಣಿಗೆ ಬುತ್ತಿ ಬಿತ್ತು. ಒಡನೆ ಬಿಳಿಗಡ್ಡದ ಯಾತ್ರಿಕನ ವೇಷ ಹಾಕಿಕೊಂಡು ಊರಿಗೆ ಬಂದ.

"ತಾಯಂದಿರಾ, ನೀವು ಕಟ್ಟಿದ ಬುತ್ತಿ ಕಾಗಿ ತಿಂತಾವ. ಬೆಳಕು ಬರಿಗೈಲೆ ಹೋಗತೈತಿ. ಎತ್ಕೊಳ್ಳಾಕ ಅದಕ್ಕ ಕೈ ಎಲ್ಲೈತಿ? ಈ ದಾರ ತಗೋರಿ. ಬೆಳಕು ಬಂದು ಮುಟ್ಟಿದ ಕೂಡಲೇ ಬುತ್ತೀನ ಅದರ ಸೊಂಟಕ್ಕ ಕಟ್ಟಿಬಿಡ್ರಿ" ಎಂದು ಒಂದು ಕರಿದಾರದ ಉಂಡೆ ಕೊಟ್ಟ.

ಬೇರೆ ಯಾವ ನಾಡಿನವರಾದರೂ, ಬೆಳಕಿಗೆ ಸೊಂಟ ಎಲ್ಲಿರುತ್ತದೆ ಎಂದು ಕೇಳಿ ನಗುತ್ತಿದ್ದರು. ಹಗಲಗಿರಿಯ ಹೆಂಗಸರು ನಗಲಿಲ್ಲ. ಅಯ್ಯೋ, ಇಷ್ಟು ದಿನ ನಮಗೆ ತಿಳಿಯಲಿಲ್ಲವಲ್ಲ ಎಂದು ಕಣ್ಣೀರು ತಂದುಕೊಂಡರು. ದಾರ ಒಂದೇ. ಅದು ಕೇರಿಯಿಂದ ಕೇರಿಗೆ, ಕಟ್ಟೆಯಿಂದ ಕಟ್ಟೆಗೆ ಹರಿಯಿತು. ಅದರ ಇನ್ನೊಂದು ತುದಿ ಭಾರಮಲ್ಲನ ಗವಿಯ ಕಂಬದಲ್ಲಿತ್ತು. ಪ್ರೀತಿಯಿಂದ ಕಟ್ಟಿದ್ದಕ್ಕೆ ಬೆಳಕು ಒಪ್ಪಿಕೊಂಡಿತು. ಎಲ್ಲರಿಗಿಂತ ಬಿಗಿಯಾಗಿ ಕಟ್ಟಿದವಳು ಮಾಳವ್ವ, ದಾರಿಯಲ್ಲಿ ಬಿಚ್ಚಿ ಬೀಳಬಾರದೆಂದು.

ಅವತ್ತಿನಿಂದ ಬೆಳಕು ನಿಧಾನವಾಯಿತು. ಬೆಳಿಗ್ಗೆ ಬರಬೇಕಾದದ್ದು ಮಧ್ಯಾಹ್ನ ಬಂತು. ಬಂದು ಕಟ್ಟೆಯ ಮೇಲೆ ಉಸ್ಸೆಂದು ಕೂತು, ಗಂಟು ಬಿಚ್ಚಿ, ರೊಟ್ಟಿ ತಿಂದಿತು. ಊರಿಗೆ ಊರೇ ಹಿಗ್ಗಿತು. ನಮ್ಮ ರೊಟ್ಟಿ ತಿಂದಿತು, ಚಟ್ನಿ ಇನ್ನಷ್ಟು ಕೇಳಿತು ಎಂದು ಮನೆಮನೆಯಲ್ಲೂ ಹೇಳಿಕೊಂಡರು. ಮರುದಿನ ಅದು ಸಂಜೆಗೆ ಬಂತು. ಆಮೇಲೆ ಬಂದದ್ದು ಕೆಂಪಗೆ, ಆಮೇಲೆ ತಾಮ್ರದ ಬಣ್ಣಕ್ಕೆ, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿತ್ತು. ದಣಿದು ಕೂತ ಕಿರಣಗಳನ್ನು ಭಾರಮಲ್ಲ ದಾರದಿಂದ ಗವಿಗೆ ಎಳೆದುಕೊಂಡ. ಹಗಲಗಿರಿಯಲ್ಲಿ ಹಗಲೇ ಇಲ್ಲದಂತಾಯಿತು.

ರಾಜನೇನೋ ಸೈನಿಕರನ್ನು ಕಳಿಸಿ ದಾರ ಕಡಿಸಲು ನೋಡಿದ. ಅಕ್ಕರೆಯಿಂದ ಹಾಕಿದ ಗಂಟಿಗೆ ಕತ್ತಿ ತಾಗಲಿಲ್ಲ. ಬಿಡಿಸಹೋದವರ ಕೈಯಲ್ಲಿ ಅದು ಇನ್ನಷ್ಟು ಬಿಗಿಯಿತು. ಆಮೇಲೆ ರಾಜ ಅರಮನೆಯ ದೀಪಗಳನ್ನೆಲ್ಲ ಹಚ್ಚಿಸಿ, ತಾನು ಮಾಡುವುದು ಮಾಡಿದೆ ಎಂದು ಒಳಗೆ ಹೋದ. ರಾಜರ ಕೆಲಸ ಇಷ್ಟೇ.

ಹೊಲದಲ್ಲಿ ಜೋಳ ತೆನೆ ಕಟ್ಟಲಿಲ್ಲ. ಬುಟ್ಟಿಯಡಿ ಸಿಕ್ಕ ಮೊಳಕೆಯ ಹಾಗೆ ಮಕ್ಕಳು ಬಿಳಿಚಿಕೊಂಡರು. ಎಲ್ಲರಿಗಿಂತ ಹೆಚ್ಚು ಸೊರಗಿದವಳು ಚೆನ್ನಿ. ಅವಳು ತಲೆಯಾಡಿಸುವುದನ್ನು ಬಿಟ್ಟಳು, ಊಟ ಬಿಟ್ಟಳು, ಕೊನೆಗೆ ಹಾಸಿಗೆ ಹಿಡಿದಳು. ವೈದ್ಯ ಬಂದು ಕೈ ಹಿಡಿದು ನೋಡಿ, "ಇದಕ್ಕ ಮದ್ದು ನನ್ನ ಹತ್ರ ಇಲ್ಲವ್ವ. ಎಳೆಬಿಸಿಲು ಬೇಕು. ಸಿಕ್ಕರ ಉಳೀತಾಳ" ಎಂದ.

ಮಾಳವ್ವ ಹೊರಗೆ ಬಂದಳು. ಕಟ್ಟೆಯ ಮೇಲೆ ಒಂದು ಕಿರಣ ಮುದುಕಿಯ ರೂಪದಲ್ಲಿ ಕೂತಿತ್ತು. ಕೂದಲು ಬೂದಿ ಬಣ್ಣ, ಸೊಂಟದಲ್ಲಿ ಕರಿದಾರದ ಬುತ್ತಿ. ಭಾರಮಲ್ಲ ಅದನ್ನು ಇನ್ನೂ ಗವಿಗೆ ಎಳೆದುಕೊಂಡಿರಲಿಲ್ಲ.

"ಯಾರಜ್ಜಿ ನೀನು?" ಎಂದಳು ಮಾಳವ್ವ.

"ದಿನಾ ನಿಮ್ಮ ಬಾಗಿಲಿಗೆ ಬರ್ತಿದ್ದಾಕಿ. ನೀ ಕಟ್ಟಿದ ಬುತ್ತಿ ಇದು. ರೊಟ್ಟಿ ಚಲೋ ಇತ್ತವ್ವ, ಸುಳ್ಳು ಹೇಳಬಾರದು. ಆದ್ರ ಅದನ್ನ ಹೊತ್ತು ನನಗ ವಯಸ್ಸಾತು."

"ಒಂದು ರೊಟ್ಟಿ ಹೊತ್ತರ ವಯಸ್ಸಾಗತೈತೇನು?"

ಬೆಳಗಜ್ಜಿ ನಕ್ಕಳು. ಇನ್ನು ಮುಂದೆ ಈ ಬೆಳಕಿನ ಅಜ್ಜಿಯನ್ನು ನಾವು ಬೆಳಗಜ್ಜಿ ಎಂದೇ ಕರೆಯೋಣ.

"ನಿಮಗ ಆಗೂದಿಲ್ಲ, ನನಗ ಆಗತೈತಿ. ಕೇಳು. ನನ್ನ ಕೈಯಾಗ ಏನೂ ಇರಲಿಲ್ಲ, ಮೈಯಾಗ ತೂಕ ಇರಲಿಲ್ಲ. ತೂಕ ಇಲ್ಲದಾಕಿಗೆ ಮೆಲ್ಲಕ ನಡೆಯಾಕ ಬರೂದಿಲ್ಲ. ಈ ಜಗತ್ತಿನಾಗ ಎಷ್ಟು ಜೋರು ಓಡಾಕ ಆಗತೈತೋ ಅಷ್ಟ ಜೋರು ಓಡೂದು. ಅದಕ್ಕಿಂತ ಹೆಚ್ಚಿಲ್ಲ, ಕಡಿಮಿನೂ ಇಲ್ಲ. ನೀವು ಮಂದಿ ನಿಂತಲ್ಲೇ ನಿಂತರೂ ಹೊತ್ತಿನೊಳಗ ನಡೀತಿರ್ತೀರಿ. ಮುಂಜಾನಿಂದ ಸಂಜಿಗೆ, ಸಂಜಿಂದ ಮುಂಜಾನಿಗೆ. ನಾನು ನನ್ನ ನಡಿಗೀನೆಲ್ಲ ದಾರಿಗೇ ಸುರೀತಿದ್ದೆ. ಹೊತ್ತಿನೊಳಗ ನಡೆಯಾಕ ಒಂದು ಹೆಜ್ಜಿನೂ ಉಳೀತಿರಲಿಲ್ಲ."

"ಹಂಗಾದ್ರ ದಾರಿ ಹೆಂಗ ಅನಸ್ತಿತ್ತು ನಿನಗ?"

"ದಾರೀನ ಇರಲಿಲ್ಲ. ಸೂರ್ಯನ ಮನಿ ಬಿಟ್ಟೆ ಅಂದ್ರ ನಿನ್ನ ಕಟ್ಟಿ. ಬಿಡೂದು, ಮುಟ್ಟೂದು ಎರಡೂ ಒಂದ. ನಡುವ ಹಸಿವಿಲ್ಲ, ದಣಿವಿಲ್ಲ, ನಿನ್ನಿ ಇಲ್ಲ, ನಾಳಿ ಇಲ್ಲ. ಈಗ ನೋಡು, ಬುತ್ತಿ ಕಟ್ಟಿದ ಮ್ಯಾಲೆ ದಾರಿ ಅಂತ ಒಂದು ಆಗೈತಿ. ಕಾಲು ನೋಯತೈತಿ. ನಿನ್ನಿ ನೆನಪು ಬರತೈತಿ. ಮೊನ್ನಿ ತಿಂದ ಚಟ್ನಿ ನೆನಪು ಬರತೈತಿ." ಬೆಳಗಜ್ಜಿ ಸೊಂಟದ ಬುತ್ತಿಯನ್ನು ತಡವಿದಳು. "ನೆನಪು ಅಂದ್ರ ಚಲೋನೂ ಐತಿ, ತ್ರಾಸೂ ಐತಿ."

ಮಾಳವ್ವ ಅವಳ ಕಾಲು ಹಿಡಿದು, "ನನ್ನ ತಂಗಿಗೆ ಎಳೆಬಿಸಿಲು ಬೇಕಜ್ಜಿ. ಏನು ಮಾಡಲಿ ಹೇಳು" ಎಂದಳು.

"ಗಂಟು ಕಟ್ಟಿದ ಕೈಲೇ ಅದನ್ನ ಬಿಚ್ಚಬೇಕು. ಆ ಕೈಗೆ ತೂಕ ಇರಬಾರದು. ಭಾರಮಲ್ಲನ ಗವಿಗೆ ನಡಿ. ದಾರದ ತುದಿ ಅಲ್ಲೈತಿ. ದಾರಿಯಾಗ ಮೂರು ಮೃಗ ಕಾವಲದಾವ. ತೂಕ ಇದ್ದವರನ್ನ ಅವು ಮುಂದ ಬಿಡೂದಿಲ್ಲ."

ಮಾಳವ್ವ ತಂಗಿಯನ್ನು ನೆರೆಮನೆಯ ಗಂಗಕ್ಕನಿಗೆ ಒಪ್ಪಿಸಿ, ಅವಳ ಹಣೆ ಮುಟ್ಟಿ ನೋಡಿ, ಒಂದು ಬುತ್ತಿ ಕಟ್ಟಿಕೊಂಡು ಹೊರಟಳು. ಬೆಳಗಜ್ಜಿ ಕುಂಟುತ್ತ ಮುಂದೆ ನಡೆದಳು. ಅವಳ ಬೂದಿ ಬೆಳಕಿನಲ್ಲಿ ಹೆಜ್ಜೆ ಇಡುವಷ್ಟು ದಾರಿ ಕಾಣುತ್ತಿತ್ತು.

ಬೆಟ್ಟದ ಬುಡದಲ್ಲಿ ಒಂದು ಕೋಣ ಅಡ್ಡ ನಿಂತಿತ್ತು. ಅದರ ಎರಡು ಕೊಂಬಿಗೂ ಎರಡು ತಕ್ಕಡಿ ತಟ್ಟೆ ತೂಗುಬಿದ್ದಿದ್ದವು.

"ಕೈಯಾಗಿಂದು ಇಡು" ಎಂದಿತು ಕೋಣ.

ಮಾಳವ್ವ ಬುತ್ತಿ ಇಟ್ಟಳು. ಕೋಣ ಅದನ್ನು ಅರಿವೆಯ ಸಮೇತ ನುಂಗಿ, "ಇನ್ನೂ ಐತಿ" ಎಂದಿತು. ಕೈಬಳೆ ಇಟ್ಟಳು. ಇನ್ನೂ ಐತಿ ಎಂದಿತು. ಮಾಳವ್ವನಿಗೆ ತಿಳಿಯಲಿಲ್ಲ. ಮೈ ತಡವಿಕೊಂಡು ನೋಡಿದರೆ ಸೊಂಟದಲ್ಲಿ ಮನೆಯ ಕೀಲಿಕೈ. ಎಲ್ಲಿಗೆ ಹೋದರೂ ಕೀಲಿಕೈ ಬಿಟ್ಟು ಹೋಗದ ಜಾತಿ ನಮ್ಮದು. ಅವಳು ನಾಚಿಕೊಂಡು ಅದನ್ನೂ ಇಟ್ಟಳು. ಕೋಣ ಪಕ್ಕಕ್ಕೆ ಸರಿಯಿತು.

ನಡುಬೆಟ್ಟದಲ್ಲಿ ಕಲ್ಲಾನೆ ಕೂತಿತ್ತು. ಅದರ ಮುಂದೆ ಬಂದದ್ದೇ ಮಾಳವ್ವನ ಕಾಲು ಮೊಣಕಾಲಿನವರೆಗೆ ನೆಲದಲ್ಲಿ ಹೂತುಹೋಯಿತು.

"ಹೊಟ್ಟ್ಯಾಗಿಂದು ಇಡು" ಎಂದಿತು ಕಲ್ಲಾನೆ.

"ಹೊಟ್ಟ್ಯಾಗ ಏನೈತಿ? ಮುಂಜಾನಿಂದ ಉಂಡಿಲ್ಲ."

"ಸಿಟ್ಟೈತಿ."

ಐತಲ್ಲ ಮತ್ತೆ, ಇರದೆ ಏನು ಎಂದಳು ಮಾಳವ್ವ. ಹೇಳುತ್ತ ಹೇಳುತ್ತ ಇನ್ನಷ್ಟು ಹೂತಳು. ಭಾರಮಲ್ಲನಿಗೆ ಬಾಯಿಗೆ ಬಂದಂತೆ ಬೈದಳು, ಬೈದು ಬೈದು ಸಿಟ್ಟು ಮುಗಿಯಿತು. ಆದರೂ ಕಾಲು ಮೇಲೆ ಬರಲಿಲ್ಲ. ಸಿಟ್ಟಿನ ಕೆಳಗೆ ಇನ್ನೊಂದಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಎಲ್ಲಾರಿಗಿಂತ ಬಿಗೀಲೆ ಕಟ್ಟಿದಾಕಿ ನಾನ, ಅಜ್ಜಿ. ನನ್ನ ಗಂಟಿನಿಂದ ನನ್ನ ತಂಗಿ ಸಾಯಾಕ ಹತ್ತ್ಯಾಳ" ಎಂದು ಅಳತೊಡಗಿದಳು.

ಬೆಳಗಜ್ಜಿ ಅವಳ ತಲೆಯ ಮೇಲೆ ಕೈಯಿಟ್ಟಳು. "ಆ ಗಂಟು ಹೊತ್ತಾಕಿ ನಾನು. ನನಗ ನಿನ್ನ ಮ್ಯಾಲೆ ಸಿಟ್ಟಿಲ್ಲ. ಹಸಿದೀತು ಅಂತ ಕಟ್ಟಿದ್ದಿ. ತಪ್ಪಾತು. ತಪ್ಪಾತು ಅಂತ ಹೇಳಿ ಇಲ್ಲೇ ಬಿಟ್ಟು ನಡಿ."

ಮಾಳವ್ವ ಬಹಳ ಹೊತ್ತು ಅತ್ತಳು. ಕೊನೆಗೆ, ತಪ್ಪಾಯಿತು ಎಂದಳು. ಕಾಲು ತಾನೇ ಮೇಲೆ ಬಂತು.

ಗವಿಯ ಬಾಗಿಲಲ್ಲಿ ಒಂದು ಆಮೆ ಮಲಗಿತ್ತು. ಅದರ ಚಿಪ್ಪು ಗವಿಯ ಬಾಗಿಲಿನಷ್ಟೇ ಅಗಲ. ಅದು ಕಣ್ಣು ತೆರೆಯದೆಯೇ, "ನಾಳಿ ಇಡು" ಎಂದಿತು.

"ಯಾವ ನಾಳಿ?"

"ನೀ ಕೂಡಿಟ್ಟ ನಾಳಿ."

ಮಾಳವ್ವ ಬೆಳಗಜ್ಜಿಯ ಮುಖ ನೋಡಿದಳು. ಬೆಳಗಜ್ಜಿ ನೆಲದ ಮೇಲೆ ಕೂತು, ಅವಳನ್ನೂ ಕೂರಿಸಿಕೊಂಡಳು.

"ಈಗ ಹೇಳಬೇಕವ್ವ ನಿನಗ. ಒಳಗ ಹೋಗಿ ದಾರದ ತುದಿ ಹಿಡ್ಕೊಂಡು ನನ್ನ ಬೆನ್ನು ಹತ್ತಬೇಕು. ಹತ್ತಿ ನನ್ನ ಸೊಂಟದ ಗಂಟು ಬಿಚ್ಚಬೇಕು. ಬಿಚ್ಚಿದ ಕೂಡಲೇ ನಾ ಓಡ್ತೀನಿ. ನೀ ಬೆನ್ನ ಮ್ಯಾಲೆ ಕೂತು ಹಿಡಿದ್ರಷ್ಟ ದಾರ ನನ್ನ ಹಿಂದ ಬರತೈತಿ. ಅದಕ್ಕ ತೂಕ ಐತಿ, ನನ್ನ ಸಮ ಓಡಾಕ ಅದರ ಕೈಲೆ ಆಗೂದಿಲ್ಲ, ಹರಿದು ಹೋಗತೈತಿ. ಒಂದ ದಾರ ಆದ್ದರಿಂದ ಊರ ಬುತ್ತಿ ಎಲ್ಲಾ ಆಗಿಂದಾಗ ಕಳಚತಾವ. ನಿನ್ನ ತಂಗಿಗೆ ಬಿಸಿಲು ಸಿಗತೈತಿ."

"ಆಮ್ಯಾಲೆ?"

"ಆಮ್ಯಾಲೆ ನನಗ ನಿಲ್ಲಾಕ ಬರೂದಿಲ್ಲ. ಏನರ ಅಡ್ಡ ಬರೂ ತನಕ ಹೋಗೂದ. ಈ ಗವಿ ಬಾಗಿಲಿನಿಂದ ಆಕಾಶದ ಕೊನೀಗೆ ಕನ್ನಡಿಕೊಳ ಅಂತ ಐತಿ. ಅಲ್ಲೀತನಕ ನಡುವ ಏನೂ ಇಲ್ಲ. ಅದನ್ನ ಮುಟ್ಟಿ ಹೊಳ್ಳಿ ಬರ್ತೀನಿ. ನಿನಗ ಅದು ಕಣ್ಣು ಮಿಟುಕಿಸಿದಷ್ಟೂ ಆಗೂದಿಲ್ಲ. ಇಲ್ಲಿ ಉಳಿದವರಿಗೆ ಎಷ್ಟಾಗತೈತೋ ನಾ ಹೇಳಲಾರೆ. ಬಹಳ ಆಗತೈತಿ."

ಮಾಳವ್ವನಿಗೆ ಈಗ ಅರ್ಥವಾಯಿತು. ಚೆನ್ನಿ ಉಳಿಯುತ್ತಾಳೆ. ಉಳಿದು ಬೆಳೆಯುತ್ತಾಳೆ. ಬೆಳೆಯುವುದನ್ನು ನೋಡಲು ಅಕ್ಕ ಇರುವುದಿಲ್ಲ.

ಅವಳು ಆಮೆಯ ಕಡೆ ತಿರುಗಿ ಕೂತಳು. ಅವಳು ಕೂಡಿಟ್ಟ ನಾಳೆಗಳು ಕಡಿಮೆ ಇರಲಿಲ್ಲ. ಚೆನ್ನಿಯ ಮೊದಲ ಹಲ್ಲು ಬಿದ್ದಾಗ ಅದನ್ನು ಮಾಳಿಗೆಯ ಮೇಲೆ ಎಸೆಯುವ ನಾಳೆ ಒಂದು. ಅವಳ ಕೂದಲು ಬೆನ್ನಿಗೆ ಇಳಿದಾಗ ಎರಡು ಜಡೆ ಹಾಕುವ ನಾಳೆ. ಅವಳಿಗೆ ಒಲೆಯ ಮುಂದೆ ಜಾಗ ಬಿಟ್ಟುಕೊಟ್ಟು ಮೊದಲ ರೊಟ್ಟಿ ಬಡಿಯಲು ಕಲಿಸುವ ನಾಳೆ. ಆ ರೊಟ್ಟಿ ಹರಿದು, ಇಬ್ಬರೂ ನಕ್ಕು, ಹರಿದದ್ದನ್ನೇ ಹಂಚಿ ತಿನ್ನುವುದನ್ನೂ ಅವಳು ಎಷ್ಟೋ ಸಲ ಮನಸ್ಸಿನಲ್ಲಿ ನೋಡಿದ್ದಳು. ಮದುವೆಯ ಸೀರೆಯ ಬಣ್ಣವನ್ನೂ ಆರಿಸಿಟ್ಟಿದ್ದಳು. ಬಾಣಂತನಕ್ಕೆ ಕರೆದುಕೊಂಡು ಬರುವುದು, ಮಗುವನ್ನು ಕಾಲ ಮೇಲೆ ಮಲಗಿಸಿ ಎರೆಯುವುದು, ಎಲ್ಲವೂ ಇತ್ತು. ಅಕ್ಕಂದಿರು ಯಾರಿಗೂ ಹೇಳದೆ ಇಂಥವನ್ನು ಎಷ್ಟು ಕೂಡಿಡುತ್ತಾರೋ ತಂಗಿಯರಿಗೆ ಗೊತ್ತೇ ಆಗುವುದಿಲ್ಲ.

"ಪ್ರೀತೀನೂ ಇಡಬೇಕೇನು?" ಎಂದು ಆಮೆಯನ್ನು ಕೇಳಿದಳು.

"ಅದು ತೂಗೂದಿಲ್ಲ, ಇಟ್ಕೋ. ತೂಗೂದು ನಾಳಿ" ಎಂದಿತು ಆಮೆ.

ಮಾಳವ್ವ ಹಲ್ಲಿನ ನಾಳೆ ಇಟ್ಟಳು, ಜಡೆಯ ನಾಳೆ ಇಟ್ಟಳು, ರೊಟ್ಟಿಯ ನಾಳೆ ಇಟ್ಟಳು. ಸೀರೆಯ ನಾಳೆ ಕೈಬಿಡಲು ಬಹಳ ಕಷ್ಟವಾಯಿತು. ಅದನ್ನೂ ಇಟ್ಟಳು. ತೊಟ್ಟಿಲಿನ ನಾಳೆ ಕೊನೆಯದು. ಅದನ್ನು ಇಟ್ಟಾಗ ಅವಳ ಪಾದ ನೆಲದಿಂದ ಒಂದು ಎಳೆಯಷ್ಟು ಮೇಲೆದ್ದಿತು. ಆಮೆ ಕಣ್ಣು ತೆರೆದು ಅವಳನ್ನು ಒಮ್ಮೆ ನೋಡಿ ದಾರಿ ಬಿಟ್ಟಿತು.

ಗವಿಯ ಒಳಗೆ ಭಾರಮಲ್ಲ ಬೆಳಕಿನ ಕಂಬಳಿ ಹೊದ್ದು ಕೂತಿದ್ದ. ಗಡ್ಡ ಕಪ್ಪಗಿತ್ತು, ಕೆನ್ನೆ ತುಂಬಿತ್ತು. ಅವಳನ್ನು ಕಂಡು ಎದ್ದು ಕೈ ಹಿಡಿಯಲು ಬಂದ. ಹಿಡಿಯಲು ತೂಕವೇ ಇರಲಿಲ್ಲ, ಅವನ ಮುಷ್ಟಿ ಬರಿದಾಗಿ ಮುಚ್ಚಿಕೊಂಡಿತು. ಇವಳೊಡನೆ ಬಲ ನಡೆಯದೆಂದು ತಿಳಿದು ದನಿ ಮೆತ್ತಗೆ ಮಾಡಿದ.

"ಯಾಕವ್ವ ಹಟ ಮಾಡ್ತಿ? ಈ ಕಂಬಳಿ ಅಂಚು ಕೊಡ್ತೀನಿ. ಮನಿಗೆ ಒಯ್ದು ನಿನ್ನ ತಂಗಿಗೆ ಹೊದಿಸು. ಹೊತ್ತು ಆಕಿ ಹತ್ರ ಬರೂದಿಲ್ಲ. ಸಾಯೂದಿಲ್ಲ ಆಕಿ. ಯಾವಾಗ್ಲೂ ಇಷ್ಟ ಸಣ್ಣಾಕಿ ಆಗಿ ನಿನ್ನ ಬೆನ್ನಿಗೆ ಒರಗಿ ಕೂತಿರ್ತಾಳ."

ಯಾರಿಗೆ ಬೇಡ ಅದು? ಎತ್ತಿಕೊಂಡ ಮಕ್ಕಳು ಅಷ್ಟೇ ಇರಲಿ ಎಂದು ಅಂದುಕೊಳ್ಳದವರು ಯಾರಿದ್ದಾರೆ? ನಾನಂತೂ ಅಂದುಕೊಂಡಿದ್ದೇನೆ. ಅವಳು ಕಂಬಳಿಯ ಅಂಚನ್ನು ಮುಟ್ಟಿಯೂ ನೋಡಿದಳು. ಬೆಚ್ಚಗಿತ್ತು.

"ಆಕಿಗೆ ಹಲ್ಲು ಬೀಳಬೇಕು, ಹುಟ್ಟಬೇಕು" ಎಂದಳು. "ನಾ ನೋಡದಿದ್ರೂ ಆಗಲಿ. ಆಕಿ ಬೆಳೀಬೇಕು."

ಕಂಬದಿಂದ ದಾರದ ತುದಿ ಬಿಚ್ಚಿ ಮುಷ್ಟಿಯಲ್ಲಿ ಹಿಡಿದು ಹೊರಗೆ ಬಂದಳು. ತೂಕವಿಲ್ಲದ ಆ ಕೈಗೆ ಕಂಬದ ಗಂಟು ತಾನೇ ಸಡಿಲಿತ್ತು. ಬೆಳಗಜ್ಜಿಯ ಬೆನ್ನು ಹತ್ತಿದಳು.

"ಅಜ್ಜಿ, ಬುತ್ತಿ ಬಿಚ್ಚಿದ ಮ್ಯಾಲೆ ನನ್ನ ನೆನಪಿರತೈತೇನು ನಿನಗ?"

"ನೆನಪಿಡಾಕ ಆಮ್ಯಾಲೆ ಅಂತ ಒಂದು ಬೇಕಲ್ಲವ್ವ. ನನಗ ಆಮ್ಯಾಲೆ ಇರೂದಿಲ್ಲ. ಈಗ ಐತಿ. ಈಗ ನಿನ್ನ ರೊಟ್ಟಿ ನೆನಪೈತಿ, ಸಾಕು. ಬಿಚ್ಚು."

ಮಾಳವ್ವ ಗಂಟು ಬಿಚ್ಚಿದಳು.

ಗವಿಯ ಮುಂದೆ ಹುಲ್ಲಿನ ಮೇಲೆ ನಿಂತಿದ್ದಳು.

ನಡುವೆ ಏನಾಯಿತು ಎಂದು ಕೇಳಿದರೆ ಹೇಳಲು ಏನೂ ಇಲ್ಲ. ಆಕಾಶದ ಕೊನೆಗೆ ಹೋದಳು, ಕನ್ನಡಿಕೊಳ ಮುಟ್ಟಿದಳು, ಬಂದಳು. ಅವಳಿಗೆ ಅದೊಂದೂ ಆಗಲಿಲ್ಲ. ಬೆರಳಿನಲ್ಲಿ ಗಂಟು ಬಿಚ್ಚಿದ ನೋವು ಇನ್ನೂ ಇತ್ತು, ಕೆನ್ನೆಯ ಮೇಲಿನ ಕಣ್ಣೀರು ಆರಿರಲಿಲ್ಲ. ಬೆಳಗಜ್ಜಿ ಕಾಣಲಿಲ್ಲ. ಹುಲ್ಲಿನ ಮೇಲೆ ಒಂದು ಹಿಡಿ ಬಿಸಿಲು ಬಿದ್ದಿತ್ತು.

ಹುಲ್ಲು? ಹೋಗುವಾಗ ಇಲ್ಲಿ ಬರೀ ಕಲ್ಲಿತ್ತು. ಈಗ ಮೇಕೆಗಳು ಮೇಯುತ್ತಿದ್ದವು. ಗವಿಯ ಬಾಗಿಲು ಕುಸಿದು ಅದರ ಮೇಲೆ ಬೇವಿನ ಮರ ಬೆಳೆದಿತ್ತು. ದಾರ ಹರಿದ ಆ ಕ್ಷಣವೇ ಕಂಬಳಿಯ ಕಿರಣಗಳೆಲ್ಲ ಕಳಚಿ ಓಡಿಹೋಗಿದ್ದವು. ಭಾರಮಲ್ಲ ದೂರ ತಳ್ಳಿದ್ದ ವರ್ಷಗಳೆಲ್ಲ ಒಟ್ಟಿಗೆ ಬಂದು ಅವನ ಮೇಲೆ ಬಿದ್ದಿದ್ದವು. ಅವನು ಒಂದು ಹಿಡಿ ಮಣ್ಣಾಗಿದ್ದ. ಕಾವಲಿನ ಮೃಗಗಳು ಬಿಡುಗಡೆಯಾಗಿ ತಮ್ಮ ಪಾಡಿಗೆ ಹೋಗಿದ್ದವು.

ಮಾಳವ್ವ ಊರಿಗೆ ಓಡಿದಳು. ಜೋಳ ತೆನೆ ತೂಗುತ್ತಿತ್ತು. ಸಂಜೆಯ ಬಿಸಿಲು ಊರ ತುಂಬ ಬಿದ್ದಿತ್ತು. ಮನೆ ಅಲ್ಲೇ ಇತ್ತು, ಆದರೆ ಅದಕ್ಕೆ ಒಂದು ಹೊಸ ಮಾಳಿಗೆ ಸೇರಿತ್ತು. ಬಾಗಿಲಲ್ಲಿ ಚೆನ್ನಿ ಕೂತು ಆಡುತ್ತಿದ್ದಳು. ಅದೇ ಕಣ್ಣು, ಅದೇ ಗಲ್ಲ.

"ಚೆನ್ನೀ" ಎಂದು ಹೋಗಿ ತಬ್ಬಿಕೊಂಡಳು. ಮಗು ಕೊಸರಿಕೊಂಡು ಒಳಗೆ ನೋಡಿ, "ಅಜ್ಜೀ, ಯಾರೋ ಬಂದಾರ, ನಿನ್ನ ಹೆಸರು ಹಿಡಿದು ನನ್ನ ಕರೀತಾರ" ಎಂದಿತು.

ಒಳಗಿನಿಂದ ಒಬ್ಬ ಮುದುಕಿ ಬಂದಳು. ಕೂದಲು ಪೂರಾ ಬೆಳ್ಳಗಾಗಿತ್ತು, ಕೈಯಲ್ಲಿ ಜೋಳದ ಹಿಟ್ಟು ಮೆತ್ತಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತು ಬಹಳ ಹೊತ್ತು ನೋಡಿದಳು.

"ಅಕ್ಕಾ" ಎಂದಳು.

ಮಾಳವ್ವ ಅಂಗಳದಲ್ಲೇ ಕೂತುಬಿಟ್ಟಳು. ಮುದುಕಿಯೇ ಬಂದು ಹುಡುಗಿಯನ್ನು ಹಿಡಿದು ಒಳಗೆ ಕರೆದುಕೊಂಡು ಹೋಗಿ, ನೀರು ಕೊಟ್ಟು, ಒಲೆಯ ಮುಂದೆ ಕೂರಿಸಿದಳು. ಅಕ್ಕ ಹೊರಟ ಮರುದಿನ ಬೆಳಿಗ್ಗೆಯೇ ಎಳೆಬಿಸಿಲು ಬಂದದ್ದನ್ನು ಹೇಳಿದಳು. ಗಂಗಕ್ಕ ತನ್ನನ್ನು ಎತ್ತಿಕೊಂಡು ಹೋಗಿ ಕಟ್ಟೆಯ ಮೇಲೆ ಮಲಗಿಸಿದ್ದು, ಮೈ ಬೆಚ್ಚಗಾದದ್ದು, ಎದ್ದು ಕೂತು ಮೊದಲು ಕೇಳಿದ್ದು ಅಕ್ಕ ಎಲ್ಲಿ ಎಂದು. ಆಮೇಲೆ ದಿನವೂ ಸಂಜೆ ಪಡುವಣ ಬೆಟ್ಟದ ಕಡೆ ನೋಡುತ್ತ ಕೂತದ್ದು, ಗಂಗಕ್ಕ ಬೈದು ಒಳಗೆ ಕರೆಯುತ್ತಿದ್ದದ್ದು. ಆಮೇಲೆ ಗಂಗಕ್ಕನೂ ಇಲ್ಲವಾದದ್ದು.

"ನಿನ್ನ ಮದುವಿ ನಾ ನೋಡಲಿಲ್ಲ" ಎಂದಳು ಮಾಳವ್ವ. "ಒಂದೂ ನೋಡಲಿಲ್ಲ."

"ನೀ ನೋಡಾಕ ಉಳಿದಿದ್ರ ಮದುವೀನ ಇರತಿದ್ದಿಲ್ಲ, ಅಕ್ಕಾ. ನಾನೂ ಇರತಿದ್ದಿಲ್ಲ." ಚೆನ್ನಿ ಹಿಟ್ಟಿನ ಕೈಯಲ್ಲೇ ಅವಳ ಕೆನ್ನೆ ಒರೆಸಿದಳು. "ಕೂತ್ಕೋ. ಎಲ್ಲಾ ಹೇಳ್ತೀನಿ. ಹಲ್ಲು ಬಿದ್ದದ್ದರಿಂದ ಹಿಡಿದು ಹೇಳ್ತೀನಿ."

ಹೇಳಿದಳು. ಬೆಳಕು ಒಂದೇ ಗುಕ್ಕಿಗೆ ದಾಟಿದ ಆ ವರ್ಷಗಳನ್ನು ಬಾಯಲ್ಲಿ ಹೇಳಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಮಾಳವ್ವ ಅವಳ ತೊಡೆಯ ಮೇಲೆ ತಲೆಯಿಟ್ಟು ಕೇಳಿದಳು, ಒಂದೊಂದನ್ನು ಎರಡೆರಡು ಸಲ ಕೇಳಿದಳು. ಸೀರೆ ಯಾವ ಬಣ್ಣದ್ದಿತ್ತು ಎಂದು ಕೇಳಿದಳು. ಹಸಿರು ಎಂದಳು ಚೆನ್ನಿ. ಮಾಳವ್ವ ಆರಿಸಿಟ್ಟಿದ್ದು ಕೆಂಪು. ಇರಲಿ, ಹಸಿರೂ ಚೆನ್ನಾಗಿಯೇ ಇರುತ್ತದೆ ಎಂದಳು.

ಹಗಲಗಿರಿಯಲ್ಲಿ ಈಗ ಬೆಳಕಿಗೆ ಯಾರೂ ಏನನ್ನೂ ಕಟ್ಟುವುದಿಲ್ಲ. ಬುತ್ತಿಯನ್ನು ಮಾತ್ರ ಬಿಟ್ಟಿಲ್ಲ. ಕಟ್ಟೆಯ ಮೇಲೆ ಇಡುತ್ತಾರೆ, ಬೆಳಕು ಮುಟ್ಟಿದ ಮೇಲೆ ದಾರಿಹೋಕರು ತಿಂದು ಹೋಗುತ್ತಾರೆ. ಊರಲ್ಲಿ ಜೋಳ ಬೆಳೆಯಿತು, ಕಣಜ ತುಂಬಿತು, ಮಕ್ಕಳು ಬೆಳೆದರು, ಎಲ್ಲರೂ ಉಂಡುಟ್ಟು ಸುಖವಾಗಿದ್ದರು.

ಮರುವರ್ಷ ಸುಗ್ಗಿ ಮುಗಿದ ಮೇಲೆ ಮಾಳವ್ವನಿಗೆ ಒಳ್ಳೆಯ ಕಡೆಯಿಂದ ಸಂಬಂಧ ಬಂತು. ಚೆನ್ನಿಯೇ ಓಡಾಡಿ ಸೀರೆ ತಂದಳು, ಚೆನ್ನಿಯೇ ಜಡೆ ಹಾಕಿದಳು. ಅಕ್ಕಿಕಾಳು ಹಾಕುವ ಹೊತ್ತಿಗೆ ಹುಡುಗಿಯ ಹಿಂದೆ ಅವ್ವನ ಜಾಗದಲ್ಲಿ ಬಂದು ನಿಂತಳು. ಬೀಗರ ಕಡೆಯ ಹಿರಿಯರೊಬ್ಬರು ಹತ್ತಿರ ಬಂದು, ಹುಡುಗಿಗೆ ನೀವೇನಾಗಬೇಕು ಅಜ್ಜಿ ಎಂದು ಕೇಳಿದರು.

"ನಾ ಆಕಿ ತಂಗಿ" ಎಂದಳು ಚೆನ್ನಿ.